ಗುಂಡಿ ಒತ್ತುವ ಮುನ್ನ



ನಮ್ಮ ಭಾಷೆಯಲ್ಲಿ 'ಗುಂಡಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಅಂಗಿಯ ಗುಂಡಿ ಒಂದು. ನೆಲದಲ್ಲಿ ತೋಡಿದ ಗುಂಡಿ ಇನ್ನೊಂದು. ದೀಪದ ಗುಂಡಿ, ಕರೆಗಂಟೆಯ ಗುಂಡಿ, ಗಣಕಯಂತ್ರದ ಪರದೆಯ ಮೇಲೆ ಕಾಣುವ ಗುಂಡಿ ಇವೆಲ್ಲವೂ ಮೊದಲನೆಯ ಅರ್ಥದ ಮಕ್ಕಳು. ಈ ಎರಡು ಅರ್ಥಗಳಿಗೂ ಪರಸ್ಪರ ಸಂಬಂಧವಿಲ್ಲವೆಂದೇ ನಾನು ತರಗತಿಯಲ್ಲಿ ಹೇಳಿಕೊಡುತ್ತಿದ್ದೆ. ಕಳೆದ ತಿಂಗಳು ನನ್ನ ತಂಗಿಯ ಮಗಳು ದೂರವಾಣಿಯಲ್ಲಿ ಹೇಳಿದ ಸಂಗತಿಯನ್ನು ಕೇಳಿದ ಮೇಲೆ ಆ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕೆನಿಸಿದೆ.

ಅವಳ ಕಚೇರಿಯಲ್ಲಿ ತಿಂಗಳ ಲೆಕ್ಕವನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಇಟ್ಟಿದ್ದಾರೆ. "ಮಾವ, ಹಾಳೆಯ ಮೇಲ್ಗಡೆ 'ತಿಂಗಳ ಮೊತ್ತ' ಅಂತ ಒಂದು ಬೂದು ಬಣ್ಣದ ಬಟನ್ ಇದೆ. ಒತ್ತಿದರೆ ಎಲ್ಲ ತಾನಾಗೇ ಆಗುತ್ತೆ. ಅದನ್ನು ಮಾಡಿದವರು ರಿಟೈರ್ ಆಗಿ ಊರು ಸೇರಿದ್ದಾರೆ. ಒಳಗೆ ಏನು ನಡೆಯುತ್ತೆ ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಸುಮ್ಮನೆ ಒತ್ತುತ್ತೀವಿ ಅಷ್ಟೆ" ಎಂದಳು. ಆ ಗುಂಡಿಯ ಹಿಂದೆ ಇರುವುದಕ್ಕೆ ಮ್ಯಾಕ್ರೊ ಎಂದು ಹೆಸರು. ಲೆಕ್ಕದ ಹಾಳೆಯೊಳಕ್ಕೆ ಮ್ಯಾಕ್ರೊ ಹೇಗೆ ಬಂತು, ಅದಕ್ಕೆ ಗುಂಡಿಯ ಮುಖವಾಡ ಯಾವಾಗ ಸೇರಿತು ಎಂಬ ಇತಿಹಾಸವನ್ನು ಅವಳಿಗೆ ಹೇಳಿದೆ. ಅದನ್ನೇ ನಿಮಗಾಗಿ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

'ಮ್ಯಾಕ್ರೊ' ಎಂಬುದು ದೊಡ್ಡದು, ಉದ್ದನೆಯದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದು. ಒಂದು ಚಿಕ್ಕ ಹೆಸರನ್ನು ಬರೆದರೆ ಅದರ ಸ್ಥಾನದಲ್ಲಿ ಆದೇಶಗಳ ಒಂದು ದೊಡ್ಡ ಸಾಲೇ ಬಂದು ನಿಲ್ಲುವ ಏರ್ಪಾಡಿಗೆ ಗಣಕ ತಜ್ಞರು 1950ರ ದಶಕದಲ್ಲಿಯೇ ಈ ಹೆಸರನ್ನು ಬಳಸತೊಡಗಿದರು. ಸಂಸ್ಕೃತ ವ್ಯಾಕರಣವನ್ನು ಸ್ವಲ್ಪವಾದರೂ ಓದಿದವರಿಗೆ ಇದು ಹೊಸತಲ್ಲ. ಪಾಣಿನಿಯು 'ಅಚ್' ಎಂದರೆ ಸಾಕು, ಸ್ವರಗಳೆಲ್ಲವೂ ಎದ್ದು ನಿಲ್ಲುತ್ತವೆ. 'ಹಲ್' ಎಂದರೆ ವ್ಯಂಜನಗಳೆಲ್ಲವೂ. ಎರಡಕ್ಷರದ ಪ್ರತ್ಯಾಹಾರವು ಒಂದು ದೊಡ್ಡ ಸಮೂಹವನ್ನು ಹೊತ್ತು ತರುವಂತೆ, ಮ್ಯಾಕ್ರೊ ಎಂಬ ಒಂದು ಹೆಸರು ಹಲವು ಕೆಲಸಗಳನ್ನು ಹೊತ್ತು ತರುತ್ತದೆ.

ಗಣಕದ ಲೆಕ್ಕದ ಹಾಳೆ, ಅಂದರೆ ಸ್ಪ್ರೆಡ್‌ಶೀಟ್, ಮೊದಲು ಹುಟ್ಟಿದಾಗ ಅದರಲ್ಲಿ ಮ್ಯಾಕ್ರೊ ಇರಲಿಲ್ಲ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿಗೆ 1978ರಲ್ಲಿ ಅದರ ಕಲ್ಪನೆ ಹೊಳೆಯಿತು. ಕರಿಹಲಗೆಯ ಮೇಲೆ ಬರೆದ ಕೋಷ್ಟಕದಲ್ಲಿ ಒಂದು ಅಂಕಿಯನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ಎಲ್ಲ ಅಂಕಿಗಳನ್ನೂ ಅಳಿಸಿ ಬರೆಯಬೇಕಾಗುತ್ತದೆ. ಈ ಅಳಿಸಿ ಬರೆಯುವ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದು? ತನ್ನ ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಅವನು ಸಿದ್ಧಪಡಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಯಂತ್ರಕ್ಕೆ ದೊರೆಯಿತು. ಶಾಯಿಯ ಲೆಕ್ಕದ ಪುಸ್ತಕವನ್ನು ಮಾತ್ರ ಬಲ್ಲವರಿಗೆ ಅದೊಂದು ಪವಾಡವಾಗಿ ಕಂಡಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮುಂದಿನ ಕಥೆಗೆಲ್ಲ ಅದೇ ಆಧಾರ. ಹಾಳೆಯ ಕೋಶದಲ್ಲಿ ನಾವು ಬರೆಯುವ ಸೂತ್ರವು ಆ ಕೋಶದ ಬೆಲೆ ಏನೆಂಬುದನ್ನು ಹೇಳುತ್ತದೆ. 'ಈ ಕೋಶವು ಆ ಎರಡು ಕೋಶಗಳ ಮೊತ್ತ' ಎಂದು ಬರೆದರೆ, ಯಂತ್ರ ಅದನ್ನು ನೂರು ಸಲ ಲೆಕ್ಕ ಹಾಕಿದರೂ ಉತ್ತರ ಅದೇ. ಆದರೆ ತಿಂಗಳ ಕೊನೆಯ ಕೆಲಸವೆಂದರೆ ಸೂತ್ರವಷ್ಟೇ ಅಲ್ಲ. ಹಳೆಯ ಅಂಕಿಗಳನ್ನು ಅಳಿಸಬೇಕು, ಹೊಸವನ್ನು ತಂದಿಡಬೇಕು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಬೇಕು, ಮುದ್ರಿಸಬೇಕು, ಕಡತವನ್ನು ಉಳಿಸಬೇಕು. ಇವು ಬೆಲೆಗಳಲ್ಲ, ಕ್ರಿಯೆಗಳು. ಮ್ಯಾಕ್ರೊ ಹೇಳುವುದು ಇಂಥ ಕ್ರಿಯೆಗಳನ್ನು.

ಈ ಕ್ರಿಯೆಗಳನ್ನು ಹಾಳೆಯಲ್ಲಿಯೇ ಬರೆದಿಡುವ ಸೌಲಭ್ಯವನ್ನು ಜನಪ್ರಿಯಗೊಳಿಸಿದ ಕೀರ್ತಿ ಲೋಟಸ್ 1-2-3 ತಂತ್ರಾಂಶಕ್ಕೆ ಸಲ್ಲಬೇಕು. ಮಿಚ್ ಕೇಪರ್ ಮತ್ತು ಜೊನಾಥನ್ ಸ್ಯಾಕ್ಸ್ ರೂಪಿಸಿದ ಇದು 1983ರ ಜನವರಿಯಲ್ಲಿ ಐಬಿಎಂ ಪಿಸಿಗಾಗಿ ಹೊರಬಂತು. ಡಿಬೇಸ್, ವರ್ಡ್‌ಸ್ಟಾರ್, ಲೋಟಸ್ ಎಂಬ ಮೂರು ಹೆಸರುಗಳನ್ನು ನಮ್ಮ ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳ ಫಲಕಗಳಲ್ಲಿ ಓದಿದ ತಲೆಮಾರು ನಿಮ್ಮಲ್ಲಿಯೂ ಇದೆ.

ಲೋಟಸ್‌ನ ಮ್ಯಾಕ್ರೊ ಎಂದರೆ ಕೀಲಿಮಣೆಯಲ್ಲಿ ಒತ್ತಬೇಕಾದ ಕೀಲಿಗಳನ್ನು ಅದೇ ಕ್ರಮದಲ್ಲಿ ಒಂದು ಕೋಶದಲ್ಲಿ ಅಕ್ಷರಗಳಾಗಿ ಬರೆದಿಡುವುದು. ಓರೆಗೆರೆ, ಎಫ್, ಎಸ್, ತರಂಗಚಿಹ್ನೆ, ಆರ್ ಎಂದು ಬರೆದರೆ 'ಆದೇಶಗಳ ಪಟ್ಟಿಯನ್ನು ತೆರೆ, ಕಡತದ ವಿಭಾಗಕ್ಕೆ ಹೋಗು, ಉಳಿಸು, ಎಂಟರ್ ಒತ್ತು, ಹಳೆಯದರ ಸ್ಥಾನದಲ್ಲಿ ಇಡು' ಎಂದರ್ಥ. ಆ ಕೋಶಕ್ಕೆ ಹಿಮ್ಮುಖ ಓರೆಗೆರೆ ಮತ್ತು ಒಂದು ಅಕ್ಷರವನ್ನು ಹೆಸರಾಗಿ ಕೊಡುತ್ತಿದ್ದರು. 'ಎ' ಎಂಬ ಅಕ್ಷರವನ್ನು ಕೊಟ್ಟಿದ್ದರೆ, ಆಲ್ಟ್ ಕೀಲಿಯನ್ನು ಹಿಡಿದು ಎ ಒತ್ತಿದೊಡನೆ ಬರೆದಿಟ್ಟ ಕೀಲಿಗಳೆಲ್ಲವೂ ಅದೃಶ್ಯ ಬೆರಳುಗಳಿಂದ ಒತ್ತಿದಂತೆ ನಡೆದುಹೋಗುತ್ತಿದ್ದವು. 1985ರ ಎರಡನೆಯ ಆವೃತ್ತಿಯಲ್ಲಿ ಪುಷ್ಪಾವರಣದೊಳಗೆ ಬರೆಯುವ ಆದೇಶಗಳು ಸೇರಿ, ಇದು ಒಂದು ಪುಟ್ಟ ಭಾಷೆಯೇ ಆಯಿತು.

ಇದರಲ್ಲಿ ತೊಡಕುಗಳಿದ್ದವು. ಅಕ್ಷರಗಳು 26 ಮಾತ್ರ. ಯಾವ ಅಕ್ಷರಕ್ಕೆ ಯಾವ ಕೆಲಸವೆಂಬುದನ್ನು ನೆನಪಿಡಬೇಕಿತ್ತು. ಮ್ಯಾಕ್ರೊ ಇರುತ್ತಿದ್ದುದು ಲೆಕ್ಕದ ಹಾಳೆಯ ಮೇಲೆಯೇ ಆದುದರಿಂದ, ಯಾರಾದರೂ ಒಂದು ಸಾಲನ್ನು ಅಳಿಸಿದರೆ ಮ್ಯಾಕ್ರೊದ ಒಂದು ಸಾಲೂ ಅದರೊಡನೆ ಹೋಗಿಬಿಡುವ ಅಪಾಯವಿತ್ತು. ಅದಕ್ಕಾಗಿ ಬಲ್ಲವರು ಮ್ಯಾಕ್ರೊವನ್ನು ಲೆಕ್ಕದ ಬಲಬದಿಗೂ ಕೆಳಕ್ಕೂ ಸರಿಸಿ, ಓರೆಯಾಗಿ ದೂರದ ಮೂಲೆಯಲ್ಲಿ ಇಡುತ್ತಿದ್ದರು. ಆದರೂ ಒಂದು ಗುಣವಂತೂ ಇತ್ತು. ಕೆಲಸ ಏನೆಂಬುದು ಲೆಕ್ಕದ ಪಕ್ಕದಲ್ಲಿಯೇ, ಅದೇ ಹಾಳೆಯಲ್ಲಿ, ಕಣ್ಣಿಗೆ ಕಾಣುವಂತೆ ಬರೆದಿರುತ್ತಿತ್ತು. ಆಲ್ಟ್ ಒತ್ತುವ ಗುಮಾಸ್ತನು ಬೇಕೆಂದರೆ ಆ ಮೂಲೆಗೆ ಹೋಗಿ ಓದಬಹುದಿತ್ತು.

ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ 1985ರಲ್ಲಿ ಮೆಕಿಂಟಾಷ್ ಯಂತ್ರಕ್ಕಾಗಿಯೂ, 1987ರಲ್ಲಿ ವಿಂಡೋಸ್‌ಗಾಗಿಯೂ ಬಂತು. ಇದರಲ್ಲಿ ಮ್ಯಾಕ್ರೊಗಳಿಗೆ ಪ್ರತ್ಯೇಕ ಹಾಳೆ. ಲೆಕ್ಕದ ಸಾಲನ್ನು ಅಳಿಸಿದರೆ ಮ್ಯಾಕ್ರೊ ಹಾಳಾಗುವ ಭಯ ಹೋಯಿತು. ಜೊತೆಗೆ, ನಾವು ಮಾಡುವ ಕೆಲಸವನ್ನು ಯಂತ್ರವೇ ನೋಡಿಕೊಂಡು ಬರೆದುಕೊಳ್ಳುವ 'ರೆಕಾರ್ಡರ್' ದೊರೆಯಿತು. ಆದೇಶಗಳ ವ್ಯಾಕರಣ ತಿಳಿಯದವನೂ ಒಮ್ಮೆ ಮಾಡಿ ತೋರಿಸಿ ಮ್ಯಾಕ್ರೊವನ್ನು ಪಡೆಯಬಹುದಾಯಿತು. ಬರೆಯಬಲ್ಲವನೇ ಓದಬಲ್ಲವನೂ ಆಗಿರಬೇಕೆಂಬ ನಿಯಮ ಅಂದಿಗೆ ಸಡಿಲವಾಯಿತು.

ಗುಂಡಿಗೆ ಆದೇಶವನ್ನು ಕಟ್ಟುವ ಕಲೆ ಸಾಮಾನ್ಯರ ಕೈಗೆ ಬಂದುದು ಇದೇ ಹೊತ್ತಿನಲ್ಲಿ. ಆಪಲ್ ಸಂಸ್ಥೆಯ ಬಿಲ್ ಅಟ್ಕಿನ್ಸನ್ ರೂಪಿಸಿದ ಹೈಪರ್‌ಕಾರ್ಡ್ ಎಂಬ ತಂತ್ರಾಂಶ 1987ರಲ್ಲಿ ಪ್ರಕಟವಾಯಿತು. ಅದರಲ್ಲಿ ಯಾರು ಬೇಕಾದರೂ ಪರದೆಯ ಮೇಲೆ ಒಂದು ಗುಂಡಿಯನ್ನು ಇಟ್ಟು, 'ಮೌಸ್‌ನ ಮೇಲಿನ ಬೆರಳು ಎದ್ದಾಗ ಇದನ್ನು ಮಾಡು' ಎಂದು ಬಹುಮಟ್ಟಿಗೆ ಆಡುಮಾತಿನ ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ಬಹಳ ಮಂದಿ ಶಿಕ್ಷಕರು ಅದರಲ್ಲಿ ಪಾಠಗಳನ್ನು ಮಾಡಿದರು. 1990ರಲ್ಲಿ ಬಂದ ಎಕ್ಸೆಲ್‌ನ ಮೂರನೆಯ ಆವೃತ್ತಿಯಲ್ಲಿ ಲೆಕ್ಕದ ಹಾಳೆಯ ಮೇಲೆಯೇ ಚಿತ್ರ ಬರೆಯುವ ಸೌಲಭ್ಯ ಸೇರಿತು. ಅದರೊಡನೆ ಗುಂಡಿಯೂ ಬಂತು. ಗುಂಡಿಯನ್ನು ಬರೆದು, ಅದಕ್ಕೆ ಇಂಥ ಮ್ಯಾಕ್ರೊ ಎಂದು ಕಟ್ಟಿ, ಅದರ ಮೇಲೆ ಹೆಸರನ್ನು ಬರೆದರೆ ಮುಗಿಯಿತು. ಒತ್ತುವವನು ಅಕ್ಷರವನ್ನಾಗಲಿ ಆಲ್ಟ್ ಕೀಲಿಯನ್ನಾಗಲಿ ನೆನಪಿಡಬೇಕಾಗಿಲ್ಲ. ಹೆಸರನ್ನು ಓದುವುದು, ಒತ್ತುವುದು, ಅಷ್ಟೇ.

1993ರಲ್ಲಿ ಐದನೆಯ ಆವೃತ್ತಿಯು ವಿಬಿಎ ಎಂಬ ಪೂರ್ಣ ಪ್ರಮಾಣದ ಭಾಷೆಯನ್ನು ತಂದಿತು. ಆಗ ಮೈಕ್ರೋಸಾಫ್ಟ್‌ನಲ್ಲಿದ್ದ ಜೋಯಲ್ ಸ್ಪೋಲ್ಸ್ಕಿ ಅದರ ಯೋಜನೆಯನ್ನು ಬರೆದವರು. ಮೊದಲು ಈ ಭಾಷೆಯ ಬರಹವು ಲೆಕ್ಕದ ಹಾಳೆಗಳ ಪಕ್ಕದಲ್ಲಿಯೇ ಒಂದು ಹಾಳೆಯಾಗಿ, ಕೆಳಗೆ ತನ್ನ ಹೆಸರಿನ ಪಟ್ಟಿಯೊಂದಿಗೆ ಕಾಣುತ್ತಿತ್ತು. 1997ರ ಆವೃತ್ತಿಯಿಂದ ಅದು ಬೇರೆ ಕಿಟಕಿಗೆ ಹೋಯಿತು. ಆಲ್ಟ್ ಮತ್ತು ಎಫ್ 11 ಕೀಲಿಗಳನ್ನು ಒತ್ತಿದರೆ ತೆರೆಯುವ ಕಿಟಕಿ. 2007ರಿಂದ ಈಚೆಗೆ ಗುಂಡಿ ಬರೆಯುವ ಸಲಕರಣೆಗಳಿರುವ 'ಡೆವಲಪರ್' ವಿಭಾಗವೂ ನಾವು ಬೇಕೆಂದು ಕೇಳಿದರೆ ಮಾತ್ರ ಕಾಣಿಸುತ್ತದೆ.

ಈ ಮೆಟ್ಟಿಲುಗಳನ್ನು ಒಮ್ಮೆ ಸಾಲಾಗಿ ನೋಡಿ. 1983ರಲ್ಲಿ ಕೆಲಸದ ಬರಹ ಲೆಕ್ಕದ ಪಕ್ಕದ ಕೋಶದಲ್ಲಿತ್ತು. 1985ರಲ್ಲಿ ಬೇರೆ ಹಾಳೆಗೆ ಹೋಯಿತು. 1997ರಲ್ಲಿ ಬೇರೆ ಕಿಟಕಿಗೆ ಹೋಯಿತು. ಇದಕ್ಕೆ ಸರಿಯಾಗಿ ಗುಂಡಿ ಮುಂದೆ ಮುಂದೆ ಬಂತು. ಪ್ರತಿಯೊಂದು ಹೆಜ್ಜೆಗೂ ಒಳ್ಳೆಯ ಕಾರಣವಿತ್ತು. ಪ್ರತಿಯೊಂದು ಹೆಜ್ಜೆಯೂ ಕೆಲಸವನ್ನು ಸುಲಭಗೊಳಿಸಿತು. ಆದರೆ ಒತ್ತುವ ಕೈಗೂ ಬಲ್ಲ ತಲೆಗೂ ನಡುವಿನ ಅಂತರ ಅಷ್ಟಷ್ಟೇ ಹೆಚ್ಚುತ್ತಾ ಹೋಯಿತು.

ಆ ಅಂತರದ ಬೆಲೆಯನ್ನು ನಾನು ಸ್ವತಃ ತೆತ್ತಿದ್ದೇನೆ. 2002ರ ಏಪ್ರಿಲ್ ತಿಂಗಳು. ಏಪ್ರಿಲ್ 10 ಎಂದರೆ ಆಗ ನಮ್ಮ ಶಾಲೆಗಳಲ್ಲಿ ಫಲಿತಾಂಶದ ದಿನವಾಗಿತ್ತೆಂಬುದು ನಿಮಗೆಲ್ಲ ತಿಳಿದದ್ದೇ. ನಾನಾಗ ಕೆಲಸ ಮಾಡುತ್ತಿದ್ದ ಶಾಲೆಗೆ ದಾನಿಗಳೊಬ್ಬರು ಒಂದು ಗಣಕಯಂತ್ರವನ್ನು ಕೊಟ್ಟಿದ್ದರು. ಒಂಬತ್ತನೆಯ ತರಗತಿಯ ಅಂಕಪಟ್ಟಿಯನ್ನು ಅದರಲ್ಲಿ ಸಿದ್ಧಪಡಿಸುವ ಉತ್ಸಾಹ ನನ್ನದು. ವಾರ್ಷಿಕ ಪರೀಕ್ಷೆಗೆ 90 ಅಂಕ, ಕಿರುಪರೀಕ್ಷೆಗಳಿಗೆ 10 ಅಂಕ ಎಂದು ನಾವು ಇಟ್ಟುಕೊಂಡಿದ್ದೆವು. ಕಿರುಪರೀಕ್ಷೆಯ ಅಂಕವನ್ನು ವಾರ್ಷಿಕ ಅಂಕವಿದ್ದ ಕೋಶಕ್ಕೇ ಕೂಡಿಸುವ ಒಂದು ಮ್ಯಾಕ್ರೊ ಬರೆದು, ಅದನ್ನು 'ಫಲಿತಾಂಶ' ಎಂಬ ಗುಂಡಿಗೆ ಕಟ್ಟಿದೆ. ಗುಮಾಸ್ತರಿಗೆ ಗುಂಡಿಯನ್ನು ತೋರಿಸಿ, "ಇದನ್ನು ಒತ್ತಿ, ಉಳಿಸಿ, ಮುದ್ರಿಸಿ ಸಾರ್" ಎಂದು ಹೇಳಿ ಮನೆಗೆ ಹೋದೆ.

ಅವರು ಒತ್ತಿದರು. ಬದಲಾದ ಅಂಕಿಗಳು ಪರದೆಯ ಆಚೆಗಿದ್ದುದರಿಂದ ಏನೂ ಆದಂತೆ ಅವರಿಗೆ ಕಾಣಲಿಲ್ಲ. ಯಂತ್ರ ಕೇಳಿಸಿಕೊಂಡಿಲ್ಲವೆಂದು ಭಾವಿಸಿ ಇನ್ನೊಮ್ಮೆ ಒತ್ತಿದರು. ಕಿರುಪರೀಕ್ಷೆಯ ಅಂಕ ಎಲ್ಲರಿಗೂ ಎರಡು ಸಲ ಸೇರಿತು.

ಮರುದಿನ ಬೆಳಿಗ್ಗೆ ಸೂಚನಾ ಫಲಕದ ಮುಂದೆ ನಿಂತಿದ್ದ ಹುಡುಗನೊಬ್ಬ ನಗುತ್ತಾ ನನ್ನ ಬಳಿಗೆ ಬಂದು, "ಸಾರ್, ಗಣಿತದಲ್ಲಿ ನನಗೆ ನೂರಕ್ಕೆ 104 ಬಂದಿದೆ" ಎಂದ. 86ಕ್ಕೆ 9 ಕೂಡಿ 95 ಆಗಬೇಕಿತ್ತು. ಮತ್ತೊಂದು 9 ಕೂಡಿ 104 ಆಗಿತ್ತು. ಅವನ ನಗು ನನ್ನ ಎದೆಗೆ ತಟ್ಟಿತು. ಏಕೆಂದರೆ 104 ಕಣ್ಣಿಗೆ ಬೀಳುತ್ತದೆ. 35 ಕಣ್ಣಿಗೆ ಬೀಳುವುದಿಲ್ಲ. ಅದೇ ಪಟ್ಟಿಯಲ್ಲಿ ಒಬ್ಬ ಹುಡುಗಿಗೆ 27ಕ್ಕೆ 4 ಕೂಡಿ 31 ಆಗಬೇಕಾದದ್ದು 35 ಆಗಿತ್ತು. ಅವಳು ಉತ್ತೀರ್ಣಳೆಂದು ಓದಿಕೊಂಡು ಮನೆಗೆ ಹೋಗಿಬಿಟ್ಟಿದ್ದಳು. ನಾನು ಅವರ ಮನೆಯನ್ನು ಮುಟ್ಟುವ ವೇಳೆಗೆ ಅವಳ ತಂದೆ ಓಣಿಯವರಿಗೆಲ್ಲ ಪೇಡ ಹಂಚಿದ್ದರು. ನನಗೂ ಒಂದು ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ವಿಷಯ ಹೇಳಬೇಕಾಯಿತು. ಅವರು ಕೋಪಿಸಿಕೊಳ್ಳಲಿಲ್ಲ. "ಮೇಷ್ಟ್ರೇ, ಯಂತ್ರ ತಪ್ಪು ಮಾಡುತ್ತಾ?" ಎಂದು ಕೇಳಿದರು. "ಯಂತ್ರ ಮಾಡಿಲ್ಲ, ನಾನು ಮಾಡಿದೆ" ಎಂದೆ. ಅವಳು ಆ ರಜೆಯಲ್ಲಿ ನನ್ನ ಬಳಿ ಗಣಿತ ಕಲಿತು ಮರುಪರೀಕ್ಷೆಯಲ್ಲಿ ಉತ್ತೀರ್ಣಳಾದಳು ಎಂಬುದು ನನ್ನ ಪಾಲಿನ ಸಮಾಧಾನ.

ಗುಮಾಸ್ತರದು ತಪ್ಪಲ್ಲ. ಕರೆಗಂಟೆ ಕೇಳಿಸದಿದ್ದರೆ ನಾವೆಲ್ಲರೂ ಎರಡನೆಯ ಸಲ ಒತ್ತುತ್ತೇವೆ. ತಪ್ಪಿದ್ದುದು ನನ್ನ ಮ್ಯಾಕ್ರೊದಲ್ಲಿ. ಹಚ್ಚಿದ ದೀಪವನ್ನು ಮತ್ತೆ ಹಚ್ಚಿದರೂ ಅದೊಂದೇ ದೀಪ. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದರೆ ಊಟಕ್ಕಿಲ್ಲ. ಗುಂಡಿಗೆ ಕಟ್ಟುವ ಕೆಲಸವು ದೀಪದಂತಿರಬೇಕು, ಉಪ್ಪಿನಂತಿರಬಾರದು. ವಾರ್ಷಿಕ ಅಂಕವನ್ನು ಮುಟ್ಟದೆ ಬಿಟ್ಟು, ಮೊತ್ತವನ್ನು ಬೇರೆ ಕಾಲಂನಲ್ಲಿ ಪ್ರತಿಸಲವೂ ಹೊಸದಾಗಿ ಬರೆಸಿದ್ದರೆ ಹತ್ತು ಸಲ ಒತ್ತಿದರೂ ಬಾಧಕವಿರುತ್ತಿರಲಿಲ್ಲ. 'ಕೆಲಸ ಮುಗಿಯಿತು' ಎಂಬ ಒಂದು ಮಾತನ್ನು ಪರದೆಯ ಮೇಲೆ ತೋರಿಸಿದ್ದರೆ ಗುಮಾಸ್ತರು ಎರಡನೆಯ ಸಲ ಒತ್ತುತ್ತಲೂ ಇರಲಿಲ್ಲ. ಇನ್ನೊಂದು ಮಾತನ್ನೂ ಅಂದು ಕಲಿತೆ. ಕೈಯಿಂದ ಮಾಡಿದ ತಪ್ಪನ್ನು ಎಕ್ಸೆಲ್‌ನಲ್ಲಿ 'ಅನ್‌ಡು' ಒತ್ತಿ ಹಿಂದಕ್ಕೆ ತರಬಹುದು. ಮ್ಯಾಕ್ರೊ ಹಾಳೆಯನ್ನು ಬದಲಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಅದಕ್ಕೂ ಹಿಂದಿನ ಕೆಲಸಗಳನ್ನು ಸಹ ರದ್ದುಪಡಿಸಲಾಗುವುದಿಲ್ಲ. ನಮ್ಮನ್ನು ಕಾಪಾಡಿದ್ದು ಬೀರುವಿನಲ್ಲಿದ್ದ ಶಾಯಿಯ ಅಂಕವಹಿ.

ಕಾಣದ ಬರಹಕ್ಕೆ ಒತ್ತುವವನು ಒಪ್ಪಿಗೆ ಕೊಡುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಜಗತ್ತು ಅದನ್ನು ಬೇಗನೆ ಕಂಡಿತು. 1995ರಲ್ಲಿ ವರ್ಡ್ ಕಡತಗಳ ಮೂಲಕ ಹರಡುವ 'ಕಾನ್ಸೆಪ್ಟ್' ಎಂಬ ಮ್ಯಾಕ್ರೊ ವೈರಸ್ ಬಂತು. 1996ರಲ್ಲಿ ಎಕ್ಸೆಲ್‌ನಲ್ಲಿ 'ಲಾರೂ' ಎಂಬುದು ಬಂತು. 1999ರ ಮಾರ್ಚ್‌ನಲ್ಲಿ 'ಮೆಲಿಸ್ಸಾ' ಮಿಂಚಂಚೆಯ ಮೂಲಕ ಲೋಕವನ್ನೆಲ್ಲ ಸುತ್ತಿತು. ಇದಕ್ಕೆ ಪ್ರತಿಯಾಗಿ 2007ರ ಆವೃತ್ತಿಯಲ್ಲಿ ಮ್ಯಾಕ್ರೊ ಇರುವ ಕಡತಕ್ಕೆ ಪ್ರತ್ಯೇಕ ಉಪನಾಮವನ್ನು ಕೊಟ್ಟರು. ಎಕ್ಸ್‌ಎಲ್‌ಎಸ್‌ಎಕ್ಸ್ ಎಂದು ಕೊನೆಗೊಳ್ಳುವ ಕಡತದಲ್ಲಿ ಮ್ಯಾಕ್ರೊ ಉಳಿಯದು, ಎಕ್ಸ್‌ಎಲ್‌ಎಸ್‌ಎಂ ಎಂದಿದ್ದರೆ ಉಳಿದೀತು. 2022ರಿಂದ ಅಂತರಜಾಲದ ಮೂಲಕ ಬಂದ ಕಡತಗಳಲ್ಲಿನ ವಿಬಿಎ ಮ್ಯಾಕ್ರೊಗಳನ್ನು ಆಫೀಸ್ ತಾನಾಗಿಯೇ ತಡೆಹಿಡಿಯುತ್ತದೆ. ಮಿಂಚಂಚೆಯಲ್ಲಿ ಬಂದ ಹಾಳೆಯ ಗುಂಡಿ ಕೆಲಸ ಮಾಡುವುದಿಲ್ಲವೆಂದು ನಿಮ್ಮಲ್ಲಿ ಕೆಲವರು ನನಗೆ ದೂರಿದ್ದೀರಿ; ಕಾರಣ ಬಹುಮಟ್ಟಿಗೆ ಇದೇ.

ಕನ್ನಡದ ಗುಂಡಿಯ ವಿಚಾರವಾಗಿಯೂ ಒಂದು ಮಾತು. ಗುಂಡಿಯ ಮುಖದ ಮೇಲೆ 'ಫಲಿತಾಂಶ' ಎಂದು ಯೂನಿಕೋಡ್ ಕನ್ನಡದಲ್ಲಿ ಚೆನ್ನಾಗಿ ಬರೆಯಬಹುದು. ಆದರೆ ಒಳಗಿನ ವಿಬಿಎ ಕಿಟಕಿ ಹಳೆಯ ಕಾಲದ ಅಕ್ಷರವ್ಯವಸ್ಥೆಯದು. ಅಲ್ಲಿ ಕನ್ನಡ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. 'ಕ' ಎಂಬ ಅಕ್ಷರ ಬೇಕಾದರೆ ಅದರ ಸಂಕೇತ ಸಂಖ್ಯೆ 3221 ಎಂಬುದನ್ನು ಕೊಟ್ಟು ಪಡೆಯಬೇಕು. ಹೊರಗೆ ಕನ್ನಡ, ಒಳಗೆ ಇಂಗ್ಲಿಷು. ಕನ್ನಡ ಮಾತ್ರ ಬಲ್ಲ ಗುಮಾಸ್ತನಿಗೆ ಅಂತರ ಇನ್ನೂ ಒಂದು ಮೆಟ್ಟಿಲು ಹೆಚ್ಚು.

ಈಗ ತಂಗಿಯ ಮಗಳ ವಿಷಯಕ್ಕೆ ಮರಳೋಣ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಕಡತದ ಒಂದು ಪ್ರತಿಯನ್ನು ಮಾಡಿಕೋ. ಆ ಪ್ರತಿಯಲ್ಲಿ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತು. 'ಅಸೈನ್ ಮ್ಯಾಕ್ರೊ' ಎಂಬುದನ್ನು ಆರಿಸು. ಆಮೇಲೆ 'ಎಡಿಟ್' ಎನ್ನು. ಒಳಗಿನ ಬರಹ ತೆರೆಯುತ್ತದೆ. ಅರ್ಥವಾಗದಿದ್ದರೂ ಅಂಕಿಗಳನ್ನು ಗಮನಿಸಿ ಓದು.

ಎರಡು ದಿನಗಳ ನಂತರ ಅವಳ ದೂರವಾಣಿ ಬಂತು. ಆ ಮ್ಯಾಕ್ರೊ ರೆಕಾರ್ಡರ್‌ನಿಂದ ಬರೆಸಿದ್ದು. ರೆಕಾರ್ಡರ್ ತಾನು ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತದೆ. ಅಂದು ಹಾಳೆಯಲ್ಲಿ 500 ಸಾಲುಗಳಿದ್ದವು, ಆದುದರಿಂದ 500ನೆಯ ಸಾಲಿನವರೆಗೆ ಕೂಡಿಸು ಎಂದು ಬರೆದಿತ್ತು. ಈಗ ಹಾಳೆಯಲ್ಲಿ 612 ಸಾಲುಗಳಿವೆ. ಕೊನೆಯ 112 ಸಾಲುಗಳ ಹಣ ಮೊತ್ತಕ್ಕೆ ಸೇರುತ್ತಲೇ ಇರಲಿಲ್ಲ. "ಯಾರೂ ಮೋಸ ಮಾಡಿಲ್ಲ ಮಾವ, ಆದರೂ ಲೆಕ್ಕ ತಪ್ಪಿದೆ" ಎಂದಳು. ಮೇಲಿನವರಿಗೆ ತಿಳಿಸಿ ಹಿಂದಿನ ತಿಂಗಳುಗಳ ಲೆಕ್ಕವನ್ನೂ ತೆಗೆದು ನೋಡುತ್ತಿದ್ದಾರಂತೆ. ಗುಂಡಿಯ ಪಕ್ಕದ ಕೋಶದಲ್ಲಿ ಅವಳು ಈಗ ನಾಲ್ಕು ಸಾಲುಗಳನ್ನು ಬರೆದಿಟ್ಟಿದ್ದಾಳೆ: ಈ ಗುಂಡಿ ಏನು ಮಾಡುತ್ತದೆ, ಎಲ್ಲಿಂದ ಎಲ್ಲಿಯವರೆಗೆ ಮಾಡುತ್ತದೆ, ಎರಡು ಸಲ ಒತ್ತಿದರೆ ಏನಾಗುತ್ತದೆ, ಕೊನೆಯ ಸಲ ಪರಿಶೀಲಿಸಿದವರು ಯಾರು.

1983ರ ಲೋಟಸ್ ಹಾಳೆಯ ಮೂಲೆಯಲ್ಲಿ ಇರುತ್ತಿದ್ದುದೂ ಹೆಚ್ಚುಕಡಿಮೆ ಅದೇ. ನಿಮ್ಮಲ್ಲಿ ಅನೇಕರು ಇಂಥ ಹಾಳೆಗಳನ್ನು ಮಾಡುವವರು; ಉಳಿದವರು ಒತ್ತುವವರು. ಮಾಡುವವರು ಆ ನಾಲ್ಕು ಸಾಲುಗಳನ್ನು ಬರೆಯಿರಿ. ಒತ್ತುವವರು ಒಮ್ಮೆಯಾದರೂ ಬಲಗುಂಡಿಯನ್ನು ಒತ್ತಿ ಒಳಗೆ ಇಣುಕಿ ನೋಡಿ. ಅಂದು ಪೇಡ ಹಿಡಿದು ನಿಂತ ನಿಮ್ಮ ಮೇಷ್ಟರ ಸ್ಥಿತಿ ನಿಮಗೆ ಬಾರದಿರಲಿ.